ಬ್ಯಾಕ್‌ಲೈಟ್ ಇಲ್ಲದ ಟ್ರೈಲರ್, ಕಣ್ಣು ಕುಕ್ಕುವ ಎಲ್ಇಡಿ: ನಮ್ಮ ಗಾಡಿಗಳ ಬೆಳಕಿನ ಲೆಕ್ಕ

ಎರಡು ವರ್ಷದ ಹಿಂದಿನ ಮಾತು. ಕಬ್ಬಿನ ಸೀಸನ್. ಮದ್ದೂರು ಕಡೆಯ ನಮ್ಮೂರಿಂದ ಫ್ಯಾಕ್ಟರಿಗೆ ಲೋಡ್ ಹೊರಟಿತ್ತು. ಸಂಜೆ ಏಳೂವರೆ ಇರಬಹುದು, ಟ್ರೈಲರ್‌ನ ಎಡಗಡೆ ಟೈರ್ ಪಂಕ್ಚರ್ ಆಯ್ತು. ಪಕ್ಕಕ್ಕೆ ಇಳಿಸೋಣ ಅಂದ್ರೆ ಜಾಗ ಇಲ್ಲ, ಆ ಕಡೆ ನಾಲೆ. ಅರ್ಧ ಟ್ರೈಲರ್ ರಸ್ತೆ ಮೇಲೇ ನಿಂತಿತ್ತು. ನಾನು ಜಾಕ್ ಹುಡುಕ್ತಾ ಟ್ರ್ಯಾಕ್ಟರ್ ಮುಂದೆ ಇದ್ದೆ. ಹಿಂದಿನಿಂದ ಬೈಕ್ ಬರೋ ಸದ್ದು ಕೇಳಿಸ್ತು. ಬ್ರೇಕ್ ಹಿಡಿದ ಸದ್ದು ಮಾತ್ರ ಕೇಳಿಸಲಿಲ್ಲ. ಆಮೇಲೆ ಕೇಳಿಸಿದ್ದನ್ನ ಬರೆಯೋಕೆ ನನಗೆ ಮನಸ್ಸಿಲ್ಲ.

ಬೈಕ್‌ನಲ್ಲಿದ್ದವನು ಪಕ್ಕದ ಊರಿನ ಹುಡುಗ, ಇಪ್ಪತ್ತೆರಡು ವರ್ಷ. ಡೇರಿಗೆ ಹಾಲು ಹಾಕಿ ಮನೆಗೆ ಹೋಗ್ತಿದ್ದ. ಜೀವ ಉಳೀತು. ಕಾಲಿಗೆ ಎರಡು ಸಲ ಆಪರೇಷನ್ ಆಯ್ತು. ಇವತ್ತಿಗೂ ಅವನು ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯೋಕೆ ಆಗಲ್ಲ. ಆಸ್ಪತ್ರೆಗೆ ನೋಡೋಕೆ ಹೋದಾಗ ಅವನು ನನ್ನ ಬೈಯಲಿಲ್ಲ. ಬೈದಿದ್ರೆ ವಾಸಿ ಇತ್ತು. "ಎದುರಿಂದ ಒಂದು ಕಾರು ಫುಲ್ ಲೈಟ್ ಹೊಡ್ಕೊಂಡು ಬತ್ತಿತ್ತು. ನಿಮ್ ಟ್ರೈಲರ್ ಕಾಣಿಸ್ಲೇ ಇಲ್ಲ ಕಣಣ್ಣ" ಅಂದ.

ಕಾಣಿಸೋದಾದ್ರೂ ಹೇಗೆ? ನನ್ನ ಟ್ರೈಲರ್‌ನ ಬ್ಯಾಕ್‌ಲೈಟ್ ವೈರ್ ಕಬ್ಬಿನ ಜಲ್ಲೆಗೆ ಸಿಕ್ಕಿ ಕಿತ್ತುಹೋಗಿ ಒಂದು ತಿಂಗಳಾಗಿತ್ತು. ನಾಳೆ ಮಾಡಿಸೋಣ ಅಂತ ದಿನಾ ಅಂದ್ಕೊಳ್ತಿದ್ದೆ. ರಿಪೇರಿಗೆ ಬೇಕಾಗಿದ್ದದ್ದು ಎರಡು ಮೀಟರ್ ವೈರ್, ಒಂದು ಬಲ್ಬು, ಅರ್ಧ ಗಂಟೆ ಟೈಮು.

ಆವತ್ತು ಆ ಹುಡುಗನ ಕಾಲು ಮುರಿದಿದ್ದು ಎರಡು ಬೆಳಕಿನಿಂದ. ಒಂದು ಅತಿಯಾದ ಬೆಳಕು, ಕಾರಿನದು. ಇನ್ನೊಂದು ಇಲ್ಲದ ಬೆಳಕು, ನನ್ನದು. ಕಾರಿನವನು ಯಾರೋ ಗೊತ್ತಿಲ್ಲ. ನನ್ನ ಪಾಲಿನದ್ದು ನನಗೆ ಗೊತ್ತು. ಅದಕ್ಕೇ ಈ ವಾರ ಗೊಬ್ಬರ, ಔಷಧಿ ಬಿಟ್ಟು ಗಾಡಿ ಲೈಟಿನ ಬಗ್ಗೆ ಬರೀತಿದ್ದೀನಿ. ನಮ್ಮಲ್ಲಿ ಎಲ್ಲರ ಮನೇಲೂ ಬೈಕ್ ಇದೆ. ಬೇಕಷ್ಟು ಮನೇಲಿ ಟ್ರ್ಯಾಕ್ಟರ್, ಪಿಕಪ್ ಇದೆ. ಓಡಾಡೋದೆಲ್ಲ ಬೀದಿ ದೀಪ ಇಲ್ಲದ ರಸ್ತೆಗಳಲ್ಲಿ.

ಲೈಟ್ ಇರೋದು ನೋಡೋಕೆ ಮಾತ್ರ ಅಲ್ಲ

ನಾವು ಹೆಡ್‌ಲೈಟ್ ಅಂದ ತಕ್ಷಣ "ನನಗೆ ರಸ್ತೆ ಎಷ್ಟು ದೂರ ಕಾಣುತ್ತೆ" ಅಂತ ಮಾತ್ರ ಯೋಚಿಸ್ತೀವಿ. ಅದು ಅರ್ಧ ಕೆಲಸ. ಇನ್ನರ್ಧ, ನಾನು ಬೇರೆಯವರಿಗೆ ಕಾಣೋದು. ಬ್ಯಾಕ್‌ಲೈಟ್, ರಿಫ್ಲೆಕ್ಟರ್, ಹಗಲಲ್ಲಿ ಉರಿಯೋ ಲೈಟು, ಇವೆಲ್ಲ ಈ ಎರಡನೇ ಕೆಲಸಕ್ಕೆ. ಮೂರನೇದು ಒಂದಿದೆ, ನಾವು ಮರೆಯೋದು ಅದನ್ನೇ: ನನ್ನ ಬೆಳಕು ಇನ್ನೊಬ್ಬನ ಕಣ್ಣು ಕಟ್ಟಬಾರದು. ಒಳ್ಳೇ ಲೈಟು ಅಂದ್ರೆ ಈ ಮೂರನ್ನೂ ಮಾಡೋದು. ಬರೀ ಜೋರಾಗಿ ಉರಿಯೋದಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಅಂದ್ರೆ ನಮ್ಮಂಥವರೇ.

ಮೊದಲು ದೂರದ ಲೆಕ್ಕ

ಒಂದು ಸಣ್ಣ ಲೆಕ್ಕ ಮಾಡೋಣ. ಬೈಕ್ ಗಂಟೆಗೆ 60 ಕಿಲೋಮೀಟರ್‌ನಲ್ಲಿ ಹೋಗ್ತಿದ್ರೆ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದಕ್ಕೆ ಹೋಗುತ್ತೆ. ಅಡ್ಡ ಏನೋ ಇದೆ ಅಂತ ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯೋ ಹೊತ್ತಿಗೆ ಒಂದೂವರೆ ಸೆಕೆಂಡ್. ಅಷ್ಟರಲ್ಲಿ 25 ಮೀಟರ್ ಹೋಯ್ತು. ಒಣ ಟಾರು ರಸ್ತೇಲಿ ಒಳ್ಳೇ ಬ್ರೇಕ್ ಹಿಡಿದ್ರೂ ನಿಲ್ಲೋಕೆ ಇನ್ನೂ 20 ಮೀಟರ್. ಒಟ್ಟು 45 ಮೀಟರ್. 80ರಲ್ಲಿ ಹೋಗ್ತಿದ್ರೆ ಇದೇ ಲೆಕ್ಕ 68 ಮೀಟರ್ ದಾಟುತ್ತೆ. ಮಳೆ ಬಿದ್ದಿದ್ರೆ, ರಸ್ತೇಲಿ ಮರಳು ಇದ್ರೆ ಇನ್ನೂ ಜಾಸ್ತಿ.

ಈಗ ಲೈಟಿನ ಕಡೆ ನೋಡಿ. ಕಾರಿನ ಡಿಮ್ ಲೈಟಿನಲ್ಲಿ ಕಪ್ಪು ಬಣ್ಣದ ವಸ್ತು ಸ್ಪಷ್ಟವಾಗಿ ಕಾಣೋದು ಸುಮಾರು 40ರಿಂದ 60 ಮೀಟರ್ ಒಳಗೆ. ಹಳೇ ಬೈಕ್‌ನ ಮಬ್ಬು ಲೈಟಿನಲ್ಲಿ ಅದಕ್ಕಿಂತ ಕಮ್ಮಿ. ಎದುರಿಂದ ಹೈಬೀಮ್ ಬಿದ್ರೆ ಇನ್ನೂ ಕಮ್ಮಿ. 30 ಮೀಟರ್‌ನಲ್ಲಿ ನನ್ನ ಟ್ರೈಲರ್ ಕಂಡಿದ್ರೂ ಆ ಹುಡುಗನ ಕೈಲಿ ಇದ್ದದ್ದು ಎರಡು ಸೆಕೆಂಡೂ ಇಲ್ಲ.

ಅದೇ ಟ್ರೈಲರ್ ಹಿಂದೆ ಒಂದು ಕೆಂಪು ಲೈಟು ಉರೀತಿದ್ರೆ ನೇರ ರಸ್ತೇಲಿ ನೂರಾರು ಮೀಟರ್ ದೂರದಿಂದ್ಲೇ ಕಾಣುತ್ತೆ. ಹೆಡ್‌ಲೈಟಿಗೆ ಸಾವಿರಾರು ರೂಪಾಯಿ ಸುರಿಯೋಕೆ ಮುಂಚೆ ಈ ಒಂದು ಮಾತು ತಲೇಲಿರಲಿ.

ಹ್ಯಾಲೊಜೆನ್, ಎಚ್ಐಡಿ, ಎಲ್ಇಡಿ: ಯಾವುದು ಹೇಗೆ?

ಹ್ಯಾಲೊಜೆನ್: ನಮ್ಮ ಟ್ರ್ಯಾಕ್ಟರ್, ಹಳೇ ಬೈಕ್, ಗೂಡ್ಸ್ ಆಟೋಗಳಲ್ಲಿ ಹೆಚ್ಚಾಗಿ ಇರೋದು ಇದೇ. ಒಳಗೆ ಟಂಗ್‌ಸ್ಟನ್ ತಂತಿ, ಸುತ್ತ ಹ್ಯಾಲೊಜೆನ್ ಅನಿಲ. ತಂತಿ ಕಾದು ಉರಿಯುತ್ತೆ, ಹಳದಿ ಬೆರೆತ ಬಿಳಿ ಬೆಳಕು. ಕಾರು, ಪಿಕಪ್‌ಗಳ ಎಚ್4 ಬಲ್ಬು 60/55 ವ್ಯಾಟ್, ಅಂದ್ರೆ ಹೈಬೀಮ್‌ಗೆ 60, ಡಿಮ್‌ಗೆ 55. ಬೆಳಕು ಹೈಬೀಮ್‌ನಲ್ಲಿ ಸುಮಾರು 1650 ಲುಮೆನ್, ಡಿಮ್‌ನಲ್ಲಿ 1000. ಬಹಳಷ್ಟು ಬೈಕ್‌ಗಳಲ್ಲಿ ಬರ್ತಿದ್ದ ಎಚ್ಎಸ್1 ಬಲ್ಬು 35/35 ವ್ಯಾಟ್. ಒಳ್ಳೇದು ಏನಪ್ಪಾ ಅಂದ್ರೆ ಅಗ್ಗ, ಎಲ್ಲಾ ಊರಲ್ಲೂ ಸಿಗುತ್ತೆ, ರಸ್ತೆ ಮಧ್ಯೆ ಹೋದ್ರೂ ನಾವೇ ಬದಲಾಯಿಸಬಹುದು. ಕೆಟ್ಟದ್ದು, ಕರೆಂಟಿನಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತೆ, ಬಾಳಿಕೆ ಕಮ್ಮಿ. ಬದಲಾಯಿಸುವಾಗ ಗಾಜನ್ನ ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತೆ. ಒಂದು ಒಣ ಬಟ್ಟೆ ಸಾಕು.

ಎಚ್ಐಡಿ: ಇದನ್ನ ಕ್ಸೆನಾನ್ ಅಂತಲೂ ಕರೀತಾರೆ. ತಂತಿ ಇಲ್ಲ, ಗಾಜಿನ ಸಣ್ಣ ಗುಂಡಿನೊಳಗೆ ಮಿಂಚಿನ ಥರ ಕರೆಂಟ್ ಹಾಯುತ್ತೆ. ಹೊತ್ತಿಸೋಕೆ ಸಾವಿರಾರು ವೋಲ್ಟ್ ಬೇಕು, ಅದಕ್ಕೆ ಬ್ಯಾಲಸ್ಟ್ ಅನ್ನೋ ಡಬ್ಬಿ ಇರುತ್ತೆ. 35 ವ್ಯಾಟಿಗೇ ಸುಮಾರು 3200 ಲುಮೆನ್ ಕೊಡುತ್ತೆ. 1991ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಕಾರಿನಲ್ಲಿ ಮೊದಲು ಬಂತು. ಪೂರ್ತಿ ಬೆಳಕು ಬರೋಕೆ ಕೆಲವು ಸೆಕೆಂಡ್ ಹಿಡಿಯುತ್ತೆ. ಈಗ ಹೊಸ ಗಾಡಿಗಳಲ್ಲಿ ಕಮ್ಮಿ ಆಗ್ತಿದೆ. ಅಂಗಡೀಲಿ ಕಿಟ್ ರೂಪದಲ್ಲಿ ಸಿಗೋದನ್ನ ಹ್ಯಾಲೊಜೆನ್ ಡೂಮ್‌ಗೆ ಹಾಕಿಸ್ಕೊಳ್ಳಬೇಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಎಲ್ಇಡಿ: ಈಗ ಎಲ್ಲಾ ಕಡೆ ಇದೇ. ಕರೆಂಟ್ ಕಮ್ಮಿ, ಬಾಳಿಕೆ ಹೆಚ್ಚು, ಸ್ವಿಚ್ ಒತ್ತಿದ ತಕ್ಷಣ ಪೂರ್ತಿ ಬೆಳಕು, ಗುಂಡಿ ರಸ್ತೆಯ ಅದುರಿಗೂ ತಂತಿ ಕಡಿಯೋ ಭಯ ಇಲ್ಲ. ಎಲ್ಇಡಿಗೆ ಬಿಸಿ ಇಲ್ಲ ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ಬಿಸಿ ಮುಂದಕ್ಕೆ ಬರಲ್ಲ, ಹಿಂದಕ್ಕೆ ಹೋಗುತ್ತೆ. ಅದಕ್ಕೇ ಹಿಂಭಾಗದಲ್ಲಿ ಅಲ್ಯುಮಿನಿಯಂ ರೆಕ್ಕೆ, ಕೆಲವದರಲ್ಲಿ ಪುಟ್ಟ ಫ್ಯಾನ್ ಇರುತ್ತೆ. ಆ ಫ್ಯಾನ್‌ಗೆ ನಮ್ಮ ಹೊಲದ ಧೂಳು, ತರಗು ತುಂಬಿದ್ರೆ ಎಲ್ಇಡಿ ಆಯಸ್ಸು ಮುಗೀತು. ಕಂಪನಿಯಿಂದಲೇ ಎಲ್ಇಡಿ ಇಟ್ಟು ಬಂದ ಗಾಡಿಯಾದ್ರೆ ಚಿಂತೆ ಬೇಡ, ಅದರ ಡೂಮನ್ನ ಎಲ್ಇಡಿಗೆ ಅಂತಲೇ ಮಾಡಿರ್ತಾರೆ. ತೊಂದರೆ ಶುರುವಾಗೋದು ನಾವು ಕೈ ಹಾಕಿದಾಗ.

ಹಳೇ ಡೂಮ್‌ಗೆ ಹೊಸ ಬಲ್ಬು: ಇಲ್ಲೇ ಎಡವೋದು

ಎಚ್4 ಬಲ್ಬನ್ನ ಒಮ್ಮೆ ಕೈಲಿ ಹಿಡಿದು ನೋಡಿ. ಒಳಗೆ ಎರಡು ತಂತಿ ಇರುತ್ತೆ. ಡಿಮ್ ತಂತಿಯ ಕೆಳಗೆ ದೋಣಿ ಥರದ ಪುಟ್ಟ ಲೋಹದ ತಗಡು ಇರುತ್ತೆ. ಅದು ಸುಮ್ಮನೆ ಇಟ್ಟಿದ್ದಲ್ಲ. ಡೂಮ್‌ನ ಕೆಳಭಾಗಕ್ಕೆ ಬೆಳಕು ಬಿದ್ರೆ ಅದು ಮೇಲಕ್ಕೆ ಪುಟಿದು ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಹಾಗಾಗದಂತೆ ಆ ತಗಡು ತಡೆಯುತ್ತೆ. ಅದರಿಂದಲೇ ಡಿಮ್ ಬೆಳಕು ಗೋಡೆ ಮೇಲೆ ಬಿದ್ದಾಗ ಮೇಲ್ಗಡೆ ಗೆರೆ ಎಳೆದ ಹಾಗೆ ಕತ್ತರಿಸಿರೋದು. ನಾವು ಎಡಗಡೆ ಓಡಿಸೋದ್ರಿಂದ ಕಾರು, ಪಿಕಪ್‌ಗಳಲ್ಲಿ ಆ ಗೆರೆ ಎಡಕ್ಕೆ ಸ್ವಲ್ಪ ಮೇಲೇರಿರುತ್ತೆ. ರಸ್ತೆ ಎಡಬದೀಲಿ ನಡೆಯೋರು, ಸೈಕಲ್, ದನ ಕಾಣಲಿ ಅಂತ.

ಆ ಡೂಮ್‌ನ ಲೆಕ್ಕಾಚಾರ ಎಲ್ಲಾ ತಂತಿ ಇರೋ ಜಾಗದ ಮೇಲೆ ನಿಂತಿದೆ. ಅಲ್ಲಿಗೆ ಅಗ್ಗದ ಎಲ್ಇಡಿ ಬಲ್ಬೋ ಎಚ್ಐಡಿ ಕಿಟ್ಟೋ ಹಾಕಿದ್ರೆ ಬೆಳಕು ಹುಟ್ಟೋ ಜಾಗವೇ ಬೇರೆ ಆಗುತ್ತೆ. ಗೆರೆ ಅಳಿಸಿ ಹೋಗಿ ಬೆಳಕು ಎಲ್ಲಾ ಕಡೆ ಚೆಲ್ಲುತ್ತೆ. ಗಾಡಿ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ. "ಆಹಾ, ಏನ್ ಲೈಟು" ಅನ್ಸುತ್ತೆ. ಆದ್ರೆ ಹತ್ತಿರ ಅಷ್ಟು ಬೆಳಕಿದ್ರೆ ನಮ್ಮ ಕಣ್ಣಿನ ಪಾಪೆ ಕುಗ್ಗಿ, ದೂರದ ಕತ್ತಲು ಇನ್ನೂ ಕಪ್ಪಗಾಗುತ್ತೆ. ನಮಗೆ ಬೇಕಾಗಿರೋದು 50 ಮೀಟರ್ ಆಚೆಯ ಬೆಳಕು, ಮಡ್‌ಗಾರ್ಡ್ ಮುಂದಿನದ್ದಲ್ಲ. ಎದುರಿಂದ ಬರೋನಿಗಂತೂ ಡಿಮ್ ಮಾಡಿದ್ರೂ ಹೈಬೀಮ್ ಥರಾನೇ ಇರುತ್ತೆ.

ಮೋಟಾರು ವಾಹನ ನಿಯಮಗಳಲ್ಲೂ ಮುಂದಿನ ಲೈಟು ಎದುರಿನವರ ಕಣ್ಣು ಕೋರೈಸಬಾರದು ಅಂತ ಇದೆ. ಕಣ್ಣು ಕುಕ್ಕುವ ಎಲ್ಇಡಿ ಹಾಕಿದವರ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈನಿಂದ ವಿಶೇಷವಾಗಿ ಕೇಸ್ ಹಾಕೋಕೆ ಶುರು ಮಾಡಿದ್ರು. ದಂಡ ಕಟ್ಟೋದು ಒಂದು ಕಡೆ ಇರಲಿ. ಎದುರಿಗೆ ಬರ್ತಿರೋನು ನಮ್ಮ ಚಿಕ್ಕಪ್ಪನೋ ಬಾಮೈದನೋ ಆಗಿರಬಹುದು ಅನ್ನೋದು ದೊಡ್ಡ ಮಾತು.

ಇನ್ನು ಕೆಲವರು ಬಲ್ಬು ಬದಲು 100/90 ವ್ಯಾಟಿನದ್ದು ಹಾಕಿಸ್ತಾರೆ. ಎರಡು 60 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯೋದು 10 ಆಂಪ್ಸ್. ಎರಡು 100 ವ್ಯಾಟ್ ಆದ್ರೆ ಹತ್ತಿರ ಹತ್ತಿರ 17 ಆಂಪ್ಸ್. ಕಂಪನಿ ವೈರು, ಸ್ವಿಚ್ಚು ಅದಕ್ಕೆ ಮಾಡಿದ್ದಲ್ಲ. ಹೋಲ್ಡರ್ ಕರಗುತ್ತೆ, ಸ್ವಿಚ್ ಸುಡುತ್ತೆ. ಒಣ ಹುಲ್ಲು, ಕಬ್ಬಿನ ತರಗು ಹೇರೋ ಗಾಡೀಲಿ ವೈರ್ ಕಾಯೋದು ಅಂದ್ರೆ ಬೆಂಕಿ ಜೊತೆ ಆಟ.

ಡಬ್ಬಿ ಮೇಲಿನ ನಂಬರ್ ನಂಬಬೇಡಿ

ಆನ್‌ಲೈನ್‌ನಲ್ಲಿ "20,000 ಲುಮೆನ್" ಅಂತ ಬರೆದ ಬಲ್ಬುಗಳು ಬೇಕಾದಷ್ಟಿವೆ. ಒಂದು ಸುಲಭದ ಪರೀಕ್ಷೆ ಹೇಳ್ತೀನಿ. ಎಲ್ಇಡಿ ಒಂದು ವ್ಯಾಟಿಗೆ ಸುಮಾರು 100 ಲುಮೆನ್, ಬಹಳ ಒಳ್ಳೇದಾದ್ರೆ 150 ಕೊಡುತ್ತೆ ಅಂತ ಇಟ್ಕೊಳ್ಳಿ. 30 ವ್ಯಾಟಿನ ಬಲ್ಬಾದ್ರೆ 3000ದಿಂದ 4500. ಅದರ ಮೇಲೆ ಬರೆದದ್ದೆಲ್ಲ ಡಬ್ಬಿ ಪ್ರಿಂಟ್ ಮಾಡಿದವನ ಧಾರಾಳತನ.

ಇನ್ನೊಂದು ನಂಬರ್ ಕೆಲ್ವಿನ್. 6000 ಕೆಲ್ವಿನ್ ಅಂದ್ರೆ ಜಾಸ್ತಿ ಬೆಳಕು ಅಂತ ಅಲ್ಲ, ಬಣ್ಣ ಅಷ್ಟೇ. ಹ್ಯಾಲೊಜೆನ್ ಸುಮಾರು 3200, ಹಳದಿ ಕಡೆ. ಎಚ್ಐಡಿ ಸುಮಾರು 4300. 6000ಕ್ಕೆ ಹೋದ್ರೆ ನೀಲಿ ಕಡೆ ವಾಲುತ್ತೆ. ನೀಲಿ ಹೆಚ್ಚಾದಷ್ಟೂ ಎದುರಿನವರ ಕಣ್ಣಿಗೆ ಚುಚ್ಚೋದು ಹೆಚ್ಚು.

ಹಾಗಾದ್ರೆ ಬೆಳಕು ಸಾಲ್ತಿಲ್ಲ ಅಂದ್ರೆ ಏನು ಮಾಡೋದು? ಬಲ್ಬು ಬದಲಾಯಿಸೋಕೆ ಮುಂಚೆ ಬಲ್ಬಿಗೆ ಪೂರ್ತಿ ಕರೆಂಟ್ ಬರ್ತಿದೆಯಾ ನೋಡಿಸಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10 ಕಮ್ಮಿ ಆದ್ರೆ ಬೆಳಕು ನೂರಕ್ಕೆ ಸುಮಾರು 30 ಕಮ್ಮಿ ಆಗುತ್ತೆ. ತುಕ್ಕು ಹಿಡಿದ ಅರ್ತ್ ಪಾಯಿಂಟ್, ಸಡಿಲ ಹೋಲ್ಡರ್, ಹಸಿರು ಕಟ್ಟಿದ ಬ್ಯಾಟರಿ ಟರ್ಮಿನಲ್, ಅರ್ಧ ಬೆಳಕನ್ನ ನುಂಗೋದು ಇವೇ. ನಮ್ಮ ಟ್ರ್ಯಾಕ್ಟರ್‌ನಲ್ಲಿ ಅರ್ತ್ ಉಜ್ಜಿ, ರಿಲೇ ಹಾಕಿಸಿದ್ದಕ್ಕೇ ಹಳೇ ಬಲ್ಬು ಹೊಸದರ ಹಾಗೆ ಉರೀತು. ಬಿಸಿಲಿಗೆ ಹಳದಿಯಾಗಿ ಮಬ್ಬಾದ ಪ್ಲಾಸ್ಟಿಕ್ ಗ್ಲಾಸನ್ನ ಪಾಲಿಶ್ ಮಾಡಿಸಿ, ಪೂರ್ತಿ ಹೋಗಿದ್ರೆ ಬದಲಾಯಿಸಿ. ಗದ್ದೆಯಿಂದ ರಸ್ತೆಗೆ ಹತ್ತೋವಾಗ ಲೈಟಿನ ಮೇಲಿನ ಕೆಸರು ಒರೆಸಿ. ಇದಕ್ಕೆ ದುಡ್ಡೇ ಬೇಡ.

ಹಗಲಲ್ಲಿ ಲೈಟ್ ಯಾಕೆ?

"ಅಣ್ಣ, ಲೈಟ್ ಉರೀತಾ ಇದೆ" ಅಂತ ದಾರೀಲಿ ಕೈ ತೋರಿಸಿ ಹೇಳೋರು ಈಗಲೂ ಇದ್ದಾರೆ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರ ವಾಹನಗಳಿಗೆ ಎಎಚ್ಒ ಕಡ್ಡಾಯ ಆಯ್ತು. ಇಂಜಿನ್ ಸ್ಟಾರ್ಟ್ ಆದ್ರೆ ಹೆಡ್‌ಲೈಟ್ ತಾನೇ ಉರಿಯುತ್ತೆ, ಆಫ್ ಮಾಡೋಕೆ ಸ್ವಿಚ್ಚೇ ಇಲ್ಲ.

ಹಗಲು ಲೈಟಿನ ಪದ್ಧತಿ ಹುಟ್ಟಿದ್ದು ಬಿಸಿಲು ಕಮ್ಮಿ ಇರೋ ಉತ್ತರದ ದೇಶಗಳಲ್ಲಿ. ಫಿನ್ಲೆಂಡ್ 1972ರಲ್ಲಿ ಚಳಿಗಾಲಕ್ಕೆ, ಹಳ್ಳಿ ಕಡೆಯ ರಸ್ತೆಗಳಿಗೆ ಶುರು ಮಾಡ್ತು. ಸ್ವೀಡನ್ 1977ರಲ್ಲಿ ಎಲ್ಲಾ ವಾಹನಗಳಿಗೂ ಕಡ್ಡಾಯ ಮಾಡ್ತು. ಕೆನಡಾದಲ್ಲಿ 1989ರ ಡಿಸೆಂಬರ್‌ನಿಂದ ಹೊಸ ಗಾಡಿಗಳಿಗೆ ಬಂತು. ಯುರೋಪಿಯನ್ ಒಕ್ಕೂಟದಲ್ಲಿ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್ಎಲ್ ಅಂದ್ರೆ ಹಗಲು ಉರಿಯೋ ಪ್ರತ್ಯೇಕ ಲೈಟು ಕಡ್ಡಾಯ ಆಯ್ತು.

ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲವಲ್ಲ, ಮತ್ಯಾಕೆ ಅಂತ ಕೇಳಬಹುದು. ಬೈಕ್ ಅನ್ನೋದು ಎದುರಿಂದ ನೋಡಿದ್ರೆ ಒಂದು ಕಂಬದಷ್ಟೇ ಅಗಲ. ಅಡ್ಡರಸ್ತೆಯಿಂದ ಬಂದು ತಿರುಗಿಸೋ ಲಾರಿ, ಬಸ್ಸಿನ ಡ್ರೈವರ್ ನೋಡಿರ್ತಾನೆ, ಆದ್ರೆ ಬೈಕ್ ಅವನ ಗಮನಕ್ಕೆ ಬಂದಿರಲ್ಲ. ಸಾಲುಮರದ ರಸ್ತೇಲಿ ಬಿಸಿಲು ನೆರಳು ಚುಕ್ಕಿ ಚುಕ್ಕಿ ಬಿದ್ದಿರುತ್ತೆ, ಕಪ್ಪು ಬೈಕ್ ನೆರಳಲ್ಲಿ ಕರಗಿ ಹೋಗುತ್ತೆ. ಬೆಳಿಗ್ಗೆ ಏಳಕ್ಕೆ, ಸಂಜೆ ಐದೂವರೆಗೆ ಸೂರ್ಯ ನೇರ ಕಣ್ಣಿಗೆ ಹೊಡೀತಿರ್ತಾನೆ. ಮುಂದೆ ಟ್ರ್ಯಾಕ್ಟರ್ ಹೋಗ್ತಿದ್ರೆ ಧೂಳು ಬೇರೆ. ಇಂಥಲ್ಲಿ ಒಂದು ಬೆಳಕಿನ ಚುಕ್ಕಿ ಇದ್ರೆ ಕಣ್ಣು ಅಲ್ಲಿಗೆ ಹೋಗುತ್ತೆ. ಮಲೆನಾಡು, ಕೊಡಗಿನವರಿಗೆ ಮಂಜಿನ ಹೊತ್ತಿನ ಕಥೆ ನಾನು ಹೇಳಬೇಕಾಗಿಲ್ಲ.

ಲೈಟ್ ಉರಿದ್ರೆ ಮೈಲೇಜ್ ಬೀಳುತ್ತೆ ಅನ್ನೋರಿಗೆ ಒಂದು ಮಾತು. ಆ ಬಲ್ಬು 35 ವ್ಯಾಟ್, ಎಲ್ಇಡಿ ಆದ್ರೆ ಇನ್ನೂ ಕಮ್ಮಿ. ಟೈರ್‌ಗೆ ಗಾಳಿ ಕಮ್ಮಿ ಇಟ್ಕೊಂಡು ತಿಂಗಳುಗಟ್ಟಲೆ ಓಡಾಡಿ ಕಳೆಯೋ ಪೆಟ್ರೋಲಿನ ಲೆಕ್ಕ ಮೊದಲು ನೋಡಿ. ಸ್ವಿಚ್ ಕಟ್ ಮಾಡಿಸಿ ಎಎಚ್ಒ ತೆಗೆಸೋದು ಬೇಡ. 2017ಕ್ಕಿಂತ ಹಳೇ ಬೈಕ್ ಇದ್ರೆ ಹೈವೇ ಮೇಲೆ ಹಗಲಲ್ಲೂ ಡಿಮ್ ಹಾಕ್ಕೊಂಡು ಹೋಗಿ. ಹೈಬೀಮ್ ಅಲ್ಲ, ಡಿಮ್.

ಕಾರು, ಪಿಕಪ್‌ನಲ್ಲಿ ಡಿಆರ್ಎಲ್ ಇರೋರು ಒಂದು ವಿಷಯ ಗಮನಿಸಿ. ಬಹಳಷ್ಟು ಗಾಡಿಗಳಲ್ಲಿ ಡಿಆರ್ಎಲ್ ಉರಿದಾಗ ಮುಂದೆ ಮಾತ್ರ ಬೆಳಕು, ಹಿಂದಿನ ಕೆಂಪು ಲೈಟು ಉರಿಯಲ್ಲ. ಮುಸ್ಸಂಜೇಲಿ, ಮಳೇಲಿ ಮುಂದೆ ಬೆಳಕು ಕಾಣ್ತಿದೆಯಲ್ಲ ಅಂತ ಹೆಡ್‌ಲೈಟ್ ಹಾಕೋದನ್ನೇ ಮರೀತಾರೆ. ಹಿಂದಿನವನಿಗೆ ಆ ಗಾಡಿ ಕಾಣೋದೇ ಇಲ್ಲ. ಮಳೆ, ಮಂಜು, ಮುಸ್ಸಂಜೆ ಆದ್ರೆ ಕೈಯಿಂದ ಹೆಡ್‌ಲೈಟ್ ಸ್ವಿಚ್ ಹಾಕಿ. ಮಂಜಲ್ಲಿ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ.

ಟ್ರ್ಯಾಕ್ಟರ್ ಇರೋರಿಗೆ

ಈ ಭಾಗ ನನಗೆ ನಾನೇ ಬರ್ಕೊಂಡಿದ್ದು ಅಂತಲೂ ಓದ್ಕೋಬಹುದು.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೇಲಿ ಟ್ರ್ಯಾಕ್ಟರ್, ಬೈಕ್ ಬಿಡ್ತಿಲ್ಲ. ನಾವೆಲ್ಲ ಸರ್ವಿಸ್ ರಸ್ತೆ, ಹಳ್ಳಿ ರಸ್ತೆಗೆ ಬಂದ್ವಿ. ಗಂಟೆಗೆ 15ರಲ್ಲಿ ಹೋಗೋ ಟ್ರೈಲರ್, 60ರಲ್ಲಿ ಬರೋ ಬೈಕ್, ಎರಡೂ ಒಂದೇ ಕತ್ತಲೇಲಿ.

ಬ್ಯಾಕ್‌ಲೈಟ್: ಟ್ರ್ಯಾಕ್ಟರ್ ಹಿಂದೆ ಟ್ರೈಲರ್‌ಗೆ ಕರೆಂಟ್ ಕೊಡೋ ಏಳು ಪಿನ್ನಿನ ಸಾಕೆಟ್ ಇರುತ್ತೆ. ಅದನ್ನ ಉಪಯೋಗಿಸಿ. ವೈರನ್ನ ಟ್ರೈಲರ್ ಛಾಸಿ ಒಳಗಡೆ ಪೈಪ್‌ನಲ್ಲಿ ಎಳೆಸಿ, ಕಬ್ಬಿಗೆ ಸಿಗದ ಹಾಗೆ. ಎರಡೂ ಕಡೆ ಕೆಂಪು ಲೈಟು, ಬ್ರೇಕ್ ಲೈಟು, ಇಂಡಿಕೇಟರ್ ಬೇಕು. ಎರಡು ಟ್ರೈಲರ್ ಎಳೆಯೋರಿಗೆ ಕೊನೇದರ ಹಿಂದೆ ಇರಲೇಬೇಕು. ಕಬ್ಬಿನ ಸೋಗೆ ಜೋತುಬಿದ್ದು ಲೈಟ್ ಮುಚ್ಚಿದ್ರೆ ಹಾಕಿಸಿದ್ದೂ ದಂಡ. ಹೊರಡೋ ಮುಂಚೆ ಕುಡುಗೋಲಲ್ಲಿ ಸವರಿಬಿಡಿ.

ರಿಫ್ಲೆಕ್ಟರ್ ಟೇಪ್: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಬಿದ್ದ ಬೆಳಕನ್ನ ಬಂದ ದಾರೀಲೇ ವಾಪಸ್ ಕಳಿಸೋದು ಇದರ ಗುಣ. ಬ್ಯಾಟರಿ ಬೇಡ, ವೈರ್ ಬೇಡ. ಎತ್ತಿನ ಗಾಡಿಗೂ, ಸೈಕಲ್‌ಗೂ ಅಂಟಿಸಬಹುದು. ಅಂಟಿಸೋ ಜಾಗದ ಧೂಳು, ಗ್ರೀಸ್ ಚೆನ್ನಾಗಿ ಒರೆಸಿ. ಆದ್ರೆ ಟೇಪ್ ಇದೆ ಅಂತ ಬ್ಯಾಕ್‌ಲೈಟ್ ಬಿಡಬೇಡಿ. ಹಿಂದಿನ ಗಾಡಿಗೆ ಲೈಟ್ ಇದ್ದರೆ ಮಾತ್ರ ಟೇಪ್ ಹೊಳೆಯೋದು. ಅಮೆರಿಕದಲ್ಲಿ ನಿಧಾನ ಹೋಗೋ ಟ್ರ್ಯಾಕ್ಟರ್‌ಗಳ ಹಿಂದೆ ಕಿತ್ತಳೆ ಬಣ್ಣದ ದೊಡ್ಡ ತ್ರಿಕೋನ ಹಾಕ್ತಾರೆ, ಸುತ್ತ ಕೆಂಪು ಅಂಚು. 1960ರ ದಶಕದಲ್ಲಿ ಓಹಾಯೊ ಸ್ಟೇಟ್ ಯೂನಿವರ್ಸಿಟೀಲಿ ರೂಪಿಸಿದ್ದು ಅದು. ಕಿತ್ತಳೆ ಹಗಲಿಗೆ, ಕೆಂಪು ಅಂಚು ರಾತ್ರಿಗೆ. ಐಡಿಯಾ ಒಂದೇ: ಇದು ನಿಧಾನದ ಗಾಡಿ ಅಂತ ಹಿಂದಿನವನಿಗೆ ದೂರದಿಂದ್ಲೇ ತಿಳೀಬೇಕು.

ಹಿಂದಿನ ಉಳುಮೆ ಲೈಟು: ಮಡ್‌ಗಾರ್ಡ್ ಮೇಲೆ ಹಿಂದಕ್ಕೆ ಬೀಳೋ ಬಿಳಿ ಲೈಟು ಹೊಲಕ್ಕೆ. ರಸ್ತೆಗೆ ಬಂದ ತಕ್ಷಣ ಆಫ್ ಮಾಡಿ. ಹಿಂದಿನಿಂದ ಬರೋನಿಗೆ ಬಿಳಿ ಲೈಟು ಕಂಡ್ರೆ ಎದುರಿಂದ ಗಾಡಿ ಬರ್ತಿದೆ ಅನ್ಸುತ್ತೆ, ಜೊತೆಗೆ ಕಣ್ಣೂ ಕಟ್ಟುತ್ತೆ.

ಕೆಟ್ಟು ನಿಂತಾಗ: ನಾಲ್ಕೂ ಇಂಡಿಕೇಟರ್ ಹಾಕಿ, ಕೆಂಪು ತ್ರಿಕೋನವನ್ನ ಕನಿಷ್ಠ 50 ಮೀಟರ್ ಹಿಂದೆ ಇಡಿ. ಹೆಜ್ಜೆ ಲೆಕ್ಕದಲ್ಲಿ 65-70 ಹೆಜ್ಜೆ. ತಿರುವಿದ್ರೆ ತಿರುವಿಗೂ ಹಿಂದೆ. ಒಬ್ಬರು ಟಾರ್ಚ್ ಹಿಡಿದು ರಸ್ತೆ ಪಕ್ಕದಲ್ಲಿ ನಿಲ್ಲಲಿ, ಟ್ರೈಲರ್ ಹಿಂದೆ ಯಾರೂ ನಿಲ್ಲಬೇಡಿ. ನಮ್ಮಲ್ಲಿ ಕಲ್ಲು, ಮರದ ಕೊಂಬೆ ಇಡೋ ಅಭ್ಯಾಸ ಇದೆ. ಕತ್ತಲಲ್ಲಿ ಕಲ್ಲು ಯಾರಿಗೂ ಕಾಣಲ್ಲ, ಗಾಡಿ ಹೋದ ಮೇಲೂ ಅಲ್ಲೇ ಬಿದ್ದಿರುತ್ತೆ. ರಸ್ತೇಲಿ ಹುರುಳಿ, ರಾಗಿ ಒಕ್ಕಣೆ ಮಾಡಿ ಸುತ್ತ ಕಲ್ಲಿಡೋರಿಗೂ ಇದೇ ಮಾತು.

ಫೋನ್ ಇದೆಯಲ್ಲ, ಉಪಯೋಗಿಸಿ

ಲೈಟ್ ಸರಿ ಇದೆಯಾ ಅಂತ ನೋಡೋಕೆ ಗ್ಯಾರೇಜ್‌ಗೇ ಹೋಗಬೇಕಾಗಿಲ್ಲ.

ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ. ಟೈರ್‌ಗೆ ಗಾಳಿ ಸರಿ ಇರಲಿ, ಸೀಟಿನ ಮೇಲೆ ಒಬ್ಬರು ಕೂತಿರಲಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಅಂತ ಅಳೆದು ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಡಿಮ್ ಹಾಕಿ. ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಮೇಲಿದ್ರೆ ಎದುರಿನವರ ಕಣ್ಣಿಗೆ, ತೀರಾ ಕೆಳಗಿದ್ರೆ ನಿಮಗೆ ದೂರ ಕಾಣಲ್ಲ. ಹೆಡ್‌ಲೈಟ್ ಹಿಂದೆ ಅಥವಾ ಕೆಳಗಿರೋ ಸ್ಕ್ರೂ ತಿರುಗಿಸಿ ಸರಿ ಮಾಡಿ. ಒಂದು ಫೋಟೋ ತೆಗೆದಿಟ್ಕೊಳ್ಳಿ, ಆರು ತಿಂಗಳಾದ ಮೇಲೆ ಹೋಲಿಸಿ ನೋಡೋಕೆ.

ಪಿಕಪ್‌ಗೆ ಹಿಂದೆ ಲೋಡ್ ಹಾಕಿದ್ರೆ ಮೂತಿ ಮೇಲೇಳುತ್ತೆ, ಲೈಟೂ ಮೇಲಕ್ಕೆ ಹೋಗುತ್ತೆ. ಬಹಳ ಗಾಡಿಗಳಲ್ಲಿ ಸ್ಟೀರಿಂಗ್ ಹತ್ತಿರ 0, 1, 2, 3 ಅಂತ ಬರೆದ ಪುಟ್ಟ ಚಕ್ರ ಇರುತ್ತೆ. ಅದು ಇದಕ್ಕೇ ಇರೋದು. ಟೊಮೇಟೊ ಕ್ರೇಟ್ ತುಂಬಿದಾಗ ನಂಬರ್ ಜಾಸ್ತಿ ಮಾಡಿ, ಖಾಲಿ ಬರುವಾಗ 0ಗೆ ತನ್ನಿ.

ಎರಡನೇದು ವಿಡಿಯೋ. ಕತ್ತಲಾದ ಮೇಲೆ ಟ್ರೈಲರ್ ಹಿಂದೆ ಫೋನನ್ನ ಕಲ್ಲಿಗೆ ಒರಗಿಸಿ ರೆಕಾರ್ಡ್ ಒತ್ತಿ. ಹೋಗಿ ಬ್ರೇಕ್ ತುಳೀರಿ, ಎಡ ಬಲ ಇಂಡಿಕೇಟರ್ ಹಾಕಿ. ಬಂದು ನೋಡಿ. ಯಾವುದು ಉರೀತಿಲ್ಲ ಅಂತ ಒಬ್ಬರೇ ಇದ್ರೂ ಗೊತ್ತಾಗುತ್ತೆ.

ಎದುರಿಂದ ಹೈಬೀಮ್ ಬಂದಾಗ

ಸೇಡಿಗೆ ನಾವೂ ಹೈಬೀಮ್ ಹೊಡೆದ್ರೆ ರಸ್ತೇಲಿ ಇಬ್ಬರು ಕುರುಡರಾಗ್ತೀವಿ. ಒಂದು ಸಲ ಡಿಮ್-ಡಿಪ್ ಮಾಡಿ ತಿಳಿಸಿ, ಕೇಳದಿದ್ರೆ ಬಿಡಿ. ಆಕ್ಸಿಲೇಟರ್ ಇಳಿಸಿ, ಕಣ್ಣನ್ನ ರಸ್ತೆಯ ಎಡ ಅಂಚಿನ ಕಡೆ ಇಡಿ. ಆ ಗಾಡಿ ದಾಟಿದ ಮೇಲೂ ಕಣ್ಣು ಸರಿಹೋಗೋಕೆ ಕೆಲವು ಸೆಕೆಂಡ್ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಆ ಸೆಕೆಂಡುಗಳಲ್ಲಿ ವೇಗ ಏರಿಸಬೇಡಿ. ಎದುರಿನ ಬೆಳಕಿನ ಪಕ್ಕದ ಕತ್ತಲಲ್ಲಿ ನನ್ನಂಥವನ ಟ್ರೈಲರ್ ನಿಂತಿರಬಹುದು.

ದುಡ್ಡು ಕಮ್ಮಿ ಇದ್ರೆ ಯಾವುದು ಮೊದಲು?

ನನ್ನ ಕೇಳಿದ್ರೆ ಈ ಸಾಲು. ಮೊದಲು ಹಿಂದಿನ ಕೆಂಪು ಲೈಟು ಮತ್ತು ಟೇಪ್. ಎರಡನೇದು ಅರ್ತ್, ಹೋಲ್ಡರ್ ಕ್ಲೀನ್ ಮಾಡಿಸೋದು. ಮೂರನೇದು ಗೋಡೆ ಮುಂದೆ ಲೈಟ್ ಸೆಟ್ ಮಾಡೋದು. ನಾಲ್ಕನೇದು ಮಬ್ಬಾದ ಗ್ಲಾಸ್. ಇಷ್ಟಾದ ಮೇಲೂ ಸಾಲದಿದ್ರೆ ಒಳ್ಳೇ ಕಂಪನಿಯ ಅದೇ ವ್ಯಾಟಿನ ಹ್ಯಾಲೊಜೆನ್ ಬಲ್ಬು. ಎಲ್ಇಡಿ ಬೇಕೇ ಬೇಕು ಅಂದ್ರೆ ಗಾಡಿ ಕಂಪನಿಯವರು ಆ ಮಾಡೆಲ್‌ಗೇ ಅಂತ ಕೊಡೋ ಪೂರ್ತಿ ಡೂಮ್ ಇದೆಯಾ ಕೇಳಿ. ಬರೀ ಬಲ್ಬು ಬೇಡ.

ಈ ಸೀಸನ್‌ನಲ್ಲಿ ನನ್ನ ಟ್ರೈಲರ್ ಹಿಂದೆ ನಾಲ್ಕು ಕೆಂಪು ಲೈಟಿದೆ, ಅಡ್ಡಕ್ಕೆ ಪೂರ್ತಿ ಕೆಂಪು ಟೇಪಿದೆ. ಊರಲ್ಲಿ ಕೆಲವರು "ಏನಪ್ಪಾ, ಜಾತ್ರೆ ರಥ ಮಾಡಿದ್ದೀಯಾ" ಅಂತ ನಗ್ತಾರೆ. ನಗಲಿ. ಆ ಹುಡುಗ ಈಗ ಸ್ಕೂಟರ್ ತಗೊಂಡಿದ್ದಾನೆ, ಡೇರಿ ಹತ್ತಿರ ಆಗಾಗ ಸಿಗ್ತಾನೆ. ಕ್ಯಾನ್ ಇಳಿಸೋವಾಗ ಕಾಲು ಎಳೆದು ಹಾಕ್ತಾನೆ. ನಾನು ಹೋಗಿ ಕ್ಯಾನ್ ಹಿಡ್ಕೋತೀನಿ. ಅವನು ಬೇಡ ಅನ್ನಲ್ಲ, ನಾವಿಬ್ಬರೂ ಆ ರಾತ್ರಿ ಬಗ್ಗೆ ಮಾತಾಡಲ್ಲ.

ಇದನ್ನ ಓದ್ತಿರೋವಾಗ ನಿಮ್ಮ ಟ್ರೈಲರ್ ಎಲ್ಲಿದೆ? ಮನೆ ಮುಂದೆ ಇದ್ರೆ ಎದ್ದು ಹೋಗಿ ಒಂದು ಸಲ ಸ್ವಿಚ್ ಹಾಕಿ, ಹಿಂದೆ ನಿಂತು ನೋಡಿ. ಉರೀಲಿಲ್ಲ ಅಂದ್ರೆ ನಾಳೆ ಅನ್ನಬೇಡಿ. ನಾನು ಒಂದು ತಿಂಗಳು ಅಂದಿದ್ದೆ.